ಹಸಿರು ಕ್ಲಿಪ್ಪು ಮೊದಲು

ಈ ವಾರದ ಸಂಗತಿ ಹೇಳುವ ಮೊದಲು ಓದುಗರ ಕ್ಷಮೆ ಕೇಳಬೇಕು. ಗಂಡಸರು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಆಡದ ವಿಷಯ ಇದು. ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಓದುವ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೇ ಎಂಬ ಅಳುಕು ಇದ್ದೇ ಇದೆ. ಆದರೆ ಇದನ್ನು ಬಿಟ್ಟರೆ ಅಕ್ಕನ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಟಿಕ್. ಟಿಕ್. ಟಿಕ್.

ಅಕ್ಕನ ಕಣ್ಣು ಮೈಕ್ರೋಸ್ಕೋಪಿನೊಳಗಿತ್ತು, ಎಡಗೈ ಬೆರಳುಗಳು ಎಣಿಕೆ ಯಂತ್ರದ ಗುಂಡಿಗಳ ಮೇಲಿದ್ದವು. ಮುಂದಕ್ಕೆ ಈಜುವ ವೀರ್ಯಾಣುವಿಗೆ ಒಂದು ಗುಂಡಿ. ನಿಂತಲ್ಲೇ ಒದ್ದಾಡುವುದಕ್ಕೆ ಇನ್ನೊಂದು. ಅಲ್ಲಾಡದೆ ಬಿದ್ದದ್ದಕ್ಕೆ ಮೂರನೆಯದು. ಇನ್ನೂರು ತುಂಬಿದಾಗ ಯಂತ್ರ ಕಿಣಿ ಎಂದಿತು.

ಮುಂದಕ್ಕೆ ಈಜಿದವು ನೂರಕ್ಕೆ ಹದಿನೇಳು.

ಅವಳು ಕೋಟಿನ ಜೇಬಿನಿಂದ ಚೀಟಿ ತೆಗೆದು ಬೆಳಿಗ್ಗೆ ಒಂಬತ್ತೂವರೆಗೆ ಬರೆದುಕೊಂಡದ್ದನ್ನು ನೋಡಿದಳು. ನೂರಕ್ಕೆ ಐವತ್ತೆಂಟು.

ಅದೇ ಮನುಷ್ಯ. ಅದೇ ಡಬ್ಬಿ. ಮಧ್ಯೆ ಮೂರು ಗಂಟೆ ಮತ್ತು ಒಂದು ಕಲ್ಲು.

ಬೆಳಿಗ್ಗೆ ಡಬ್ಬಿ ಬಂದ ಕೂಡಲೇ ಅವಳು ಯಾರಿಗೂ ಕಾಣದಂತೆ ಅದರಲ್ಲಿದ್ದದ್ದನ್ನು ಎರಡು ಪಾಲು ಮಾಡಿದ್ದಳು. ಒಂದು ಪಾಲನ್ನು ಮೈಯಷ್ಟೇ ಬೆಚ್ಚಗಿರುವ ತಟ್ಟೆಯ ಮೇಲಿಟ್ಟು ಆಗಲೇ ಎಣಿಸಿದ್ದಳು. ಇನ್ನೊಂದನ್ನು ಎಲ್ಲ ಹೊಸಬರ ಡಬ್ಬಿಗಳಂತೆಯೇ ಎ.ಸಿ.ಯ ಬಾಯಿಗೆ ನೇರ ಕೆಳಗಿದ್ದ ಕಲ್ಲಿನ ಕಟ್ಟೆಯ ಮೇಲೆ ಬಿಟ್ಟಿದ್ದಳು. ಕಲ್ಲನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಈಗ ಆ ಪಾಲನ್ನು, ಇಲ್ಲಿನ ಪದ್ಧತಿಯಂತೆಯೇ, ತಣ್ಣನೆಯ ಗಾಜಿನ ಮೇಲಿಟ್ಟು ಎಣಿಸಿದ್ದಳು. ವೀರ್ಯಾಣುಗಳಲ್ಲಿ ಹೆಚ್ಚಿನವು ಸತ್ತಿರಲಿಲ್ಲ. ಚಳಿಗೆ ಮುದುಡಿಕೊಂಡು ಬಿದ್ದಿದ್ದವು.

ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ರಟ್ಟಿನ ಚೀಟಿ ಅಂಟಿಸಿತ್ತು. ದುಂಡಗಿನ ಅಕ್ಷರ: ‘ಹಸಿರು ಕ್ಲಿಪ್ಪು ಮೊದಲು.’

ಮೊದಲ ಸಲ ಬಂದವರ ಡಬ್ಬಿಗೆ ಕೆಂಪು ಕ್ಲಿಪ್ಪು. ಡಾಕ್ಟರು ಕೊಟ್ಟ ಗುಳಿಗೆಯನ್ನು ಮೂರು ತಿಂಗಳು ನುಂಗಿ ಮತ್ತೆ ಪರೀಕ್ಷೆಗೆ ಬಂದವರದಕ್ಕೆ ಹಸಿರು. ಹಸಿರಿನವರು ಹಳಬರು, ಕಾಯಿಸಬಾರದು. ಅವರದು ಬೆಚ್ಚನೆ ತಟ್ಟೆಗೆ, ಕೂಡಲೇ. ಕೆಂಪಿನವರದು ಕಲ್ಲಿಗೆ, ಹಸಿರೆಲ್ಲ ಮುಗಿದ ಮೇಲೆ. ಕೇಳಿದರೆ ಯಾರಿಗಾದರೂ ಸರಿಯೆನ್ನಿಸುವ ನಿಯಮ. ಆರು ವಾರದ ಹಿಂದೆ ಸೇರಿದಾಗ ಅಕ್ಕನಿಗೂ ಹಾಗೇ ಅನ್ನಿಸಿತ್ತು.

ಹೀಗಾಗಿ ಹೊಸಬರ ಮೊದಲ ವರದಿ ಸೊರಗಿಯೇ ಬರುತ್ತಿತ್ತು, ಮೂರು ತಿಂಗಳ ಬಳಿಕದ್ದು ಚಿಗುರಿಯೇ ಬರುತ್ತಿತ್ತು. ಹೆಸರು ಮಾತ್ರ ಗುಳಿಗೆಗೆ.

‘ಸಿಕ್ಕಿಬಿದ್ದಿರಿ’ ಎಂದುಕೊಂಡಳು ಅಕ್ಕ, ಹಲ್ಲು ಕಚ್ಚಿ.

ಗಾಜಿನ ಪಾರ್ಟಿಷನ್ನಿನ ಆಚೆ ಡಾಕ್ಟರ ದನಿ ಕೇಳುತ್ತಿತ್ತು. ಗುಳಿಗೆಯ ಬಣ್ಣದಿಂದಾಗಿ ಲ್ಯಾಬಿನವರು ಅವರಿಗೆ ಕಿತ್ತಳೆ ಡಾಕ್ಟರು ಎಂದೇ ಹೆಸರಿಟ್ಟಿದ್ದರು.

“ಕಬ್ಬಿಣದ ಗೇಟು ನೋಡಿದೀರಲ್ಲ? ಬಣ್ಣ ಹೊಡೀದೆ ಬಿಟ್ರೆ ಏನಾಗುತ್ತೆ?”

“ತುಕ್ಕು ಹಿಡಿಯುತ್ತೆ ಸರ್.”

“ನಿಮ್ಮೊಳಗೂ ಅದೇ ನಡೀತಿರೋದು. ಈ ಗುಳಿಗೇಲಿ ಆಂಟಿಆಕ್ಸಿಡೆಂಟ್ ಇದೆ. ಒಂಥರಾ ಬಣ್ಣ ಅಂತಲೇ ತಿಳ್ಕೊಳ್ಳಿ.”

ರೋಗಿಯ ದನಿ: “ನಾನೂ ಪೇಂಟರೇ ಸರ್. ತುಕ್ಕು ಉಜ್ಜದೆ ಮೇಲಿಂದ ಬಣ್ಣ ಬಳಿದ್ರೆ ನಿಲ್ಲಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ.”

ಡಾಕ್ಟರು ಕೆಮ್ಮಿದರು. “ಮೊದಲು ಬೀಡಿ ಬಿಡಿ.”

“ಅದು ಹೇಳಿ ಸರ್. ಅದು ಉಜ್ಜೋದು.”

ಬೇರೆ ದಿನವಾಗಿದ್ದರೆ ಅಕ್ಕ ನಕ್ಕುಬಿಡುತ್ತಿದ್ದಳು. ತುಕ್ಕಿನ ಮಾತು ಪೂರಾ ಸುಳ್ಳಲ್ಲ ಎಂಬುದೇ ಅವಳನ್ನು ಹೆಚ್ಚು ಕೆರಳಿಸುತ್ತಿತ್ತು. ದೇಹ ಉಸಿರಾಡಿ ದುಡಿಯುವಾಗ ಕೆಲವು ತುಂಟ ಕಣಗಳು ಹುಟ್ಟುತ್ತವೆ. ಅವು ಅತಿಯಾದರೆ ವೀರ್ಯಾಣುವಿನ ತೆಳು ಪೊರೆಯನ್ನೂ ಬಾಲವನ್ನೂ ಒಳಗಿನ ವಂಶದ ಎಳೆಯನ್ನೂ ಕೆಡಿಸುತ್ತವೆ. ಹೊಗೆ, ಸೋಂಕು, ಅತಿ ಶಾಖ ಅವನ್ನು ಹೆಚ್ಚಿಸುತ್ತವೆ. ಆಂಟಿಆಕ್ಸಿಡೆಂಟುಗಳು ಅವನ್ನು ತಣಿಸುತ್ತವೆ. ಗುಳಿಗೆಯಿಂದ ಕೆಲವರಿಗೆ ನೆರವಾಗಬಹುದು, ಎಲ್ಲರಿಗೂ ಆಗುತ್ತದೆನ್ನಲು ಆಧಾರ ಸಾಲದು, ಮಗುವಾಗುತ್ತದೆಂದು ಮಾತು ಕೊಡಲಂತೂ ಬರುವುದಿಲ್ಲ, ಮಿತಿ ಮೀರಿ ನುಂಗಿದರೆ ಕೆಡುಕೂ ಉಂಟು. ಇಷ್ಟನ್ನೂ ಅವಳು ಹದಿನೈದು ವರ್ಷದ ಹಿಂದೆ ಸಂಜೆ ತರಗತಿಯಲ್ಲಿ ಕಲಿತದ್ದು. ಕಲಿಸಿದವರು ಇದೇ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಮೇಷ್ಟ್ರು. ಅವರ ಶಿಷ್ಯೆ ಎಂಬ ಮಾತಿನ ಮೇಲೇ ಅವಳಿಗೆ ಇಲ್ಲಿ ಕೆಲಸ ಸಿಕ್ಕಿದ್ದು.

ಯಾಕೆ ಬಂದಳೆಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಅವಳ ತಮ್ಮ ಬೇಕರಿಯವನು. ದಿನಕ್ಕೆ ಎಂಟು ತಾಸು ಒಲೆಯ ಮುಂದೆ ನಿಲ್ಲುವವನು. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆ ಅವನ ಕೈಗೆ ಒಂದು ಹಾಳೆ ಕೊಟ್ಟಿತು: ನೂರಕ್ಕೆ ನಾಲ್ಕು. ಗುಳಿಗೆ ಶುರುವಾಯಿತು. ದಿನಕ್ಕೊಂದು ಎರಡಾಯಿತು, ಎರಡು ನಾಲ್ಕಾಯಿತು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬರಲು ಹೇಳಿದ್ದರು. ಅವನು ನಾಚಿಕೆಪಟ್ಟು ಮುಂದೂಡುತ್ತಲೇ ಹೋದ. ಅಷ್ಟರಲ್ಲಿ ಸುದ್ದಿ ಹೇಗೋ ಬೀದಿಗಿಳಿಯಿತು. ಊರವರ ಬ್ರೆಡ್ಡೆಲ್ಲ ಉಬ್ಬಿಸ್ತಾನೆ, ಅವನ ಮನೇದು ಮಾತ್ರ ಉಬ್ಬಲ್ಲ ಎಂದು ಗಿರಾಕಿಗಳು ಅವನೆದುರೇ ಹಲ್ಲು ಕಿರಿದರು. ಹೆಂಡತಿಯ ಅಣ್ಣಂದಿರು ಬಂದು ಅವಳನ್ನು ಕರೆದುಕೊಂಡು ಹೋದರು. ಹನ್ನೊಂದು ತಿಂಗಳ ಹಿಂದೆ ಒಂದು ದಿನ ಅವನು ಬೇಕರಿಯ ಮೊಳೆಗೆ ಏಪ್ರನ್ ತಗುಲಿಸಿ ಹೋದವನು ಮತ್ತೆ ಬರಲಿಲ್ಲ.

ಆ ಏಪ್ರನ್ ಈಗ ಅಕ್ಕನ ಮನೆಯ ಬಾಗಿಲ ಹಿಂದಿದೆ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಅದರ ಜೇಬಿಗೆ ಕೈ ಹಾಕುತ್ತಾಳೆ. ಉಗುರಿನೊಳಗೆ ಒಂದಿಷ್ಟು ಹಿಟ್ಟು ಸೇರುತ್ತದೆ. ಅಷ್ಟು ಸಾಕು, ಇಡೀ ದಿನದ ಸಿಟ್ಟಿಗೆ.

ಅವಳಿಗೆ ಬೇಕಾದದ್ದು ದೂರು, ವಿಚಾರಣೆ, ಕ್ಷಮಾಪಣೆ ಇಂಥವಲ್ಲ. ಕಿತ್ತಳೆ ಡಾಕ್ಟರು ತಮ್ಮ ಹೆಸರಿನ ಬೋರ್ಡನ್ನು ತಮ್ಮ ಕೈಯಾರೆ ಬಿಚ್ಚಿ ಇಳಿಸಬೇಕು, ತಾನು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಬೇಕು. ಏಣಿ ಬೇಕಿದ್ದರೆ ತಾನೇ ಹಿಡಿದಾಳು.

ಅದಕ್ಕೆ ಜೇಬಿನ ಚೀಟಿ ಸಾಲದು. ರಿಜಿಸ್ಟರಿನಲ್ಲಿರುವ ತಮ್ಮನ ಸಾಲು ಬೇಕು.

ಲ್ಯಾಬಿನಲ್ಲಿ ಎರಡು ರಿಜಿಸ್ಟರ್. ಡಬ್ಬಿ ಬಂದ ಹೊತ್ತು, ಕ್ಲಿಪ್ಪಿನ ಬಣ್ಣ ಕೌಂಟರಿನ ರಿಜಿಸ್ಟರಿನಲ್ಲಿ. ನೋಡಿದ ಹೊತ್ತು, ಎಣಿಸಿದ ಸಂಖ್ಯೆ, ಎಣಿಸಿದವರ ಸಹಿ ಎಲ್ಲ ಟೇಬಲ್ಲಿನ ರಿಜಿಸ್ಟರಿನಲ್ಲಿ. ಈ ಎರಡು ಹೊತ್ತುಗಳ ನಡುವೆ ಮೂರು ಗಂಟೆಯ ಅಂತರ ತೋರಿಸಿಬಿಟ್ಟರೆ ಮುಗಿಯಿತು. ಆದರೆ ಹೋದ ವರ್ಷದವರೆಗಿನ ರಿಜಿಸ್ಟರುಗಳನ್ನೆಲ್ಲ ಮೂಟೆ ಕಟ್ಟಿ ಕೆಳಗಿನ ಕೋಣೆಗೆ ಹಾಕಿದ್ದರು. ಇವತ್ತು ಸಂಜೆ ನಾಲ್ಕಕ್ಕೆ ಹಳೆ ಕಾಗದದ ಲಾರಿ ಬಂದು ಅಷ್ಟನ್ನೂ ಅರೆಯಲು ಒಯ್ಯುತ್ತದೆ.

ಊಟದ ಹೊತ್ತಿಗೆ ಅಕ್ಕ ಆ ಕೋಣೆಯ ಕೀಲಿಗಾಗಿ, ಡಬ್ಬಿ ತೆಗೆದುಕೊಂಡು ಬರೆದಿಡುವ ಕೌಂಟರಮ್ಮನ ಮುಂದೆ ನಿಂತಳು.

“ಏನಮ್ಮಾ ಟಿಕ್‌ಟಿಕ್ಕಮ್ಮ, ಊಟದ ಹೊತ್ತಲ್ಲೂ ಪುರುಸೊತ್ತಿಲ್ವಾ? ಮನೇಲಿ ಗಂಡ ಮಾತಾಡಿದ್ರೂ ಎಣಿಸ್ತೀಯೇನೋ!”

“ಎಣಿಸೋಷ್ಟು ಮಾತು ಅವರು ಆಡಲ್ಲ ಬಿಡಿ. ಲೆನ್ಸ್ ಒರೆಸೋ ಕಾಗದ ಮುಗಿದಿದೆ, ಕೆಳಗಡೆ ಒಂದು ಕಟ್ಟು ಇತ್ತಂತೆ.”

ಕೌಂಟರಮ್ಮ ಕೀಲಿಗೊಂಚಲು ತಳ್ಳಿದರು. ಅವರ ತಟ್ಟೆಯ ಪಕ್ಕ ಒಂದು ಬನ್ನು ಇತ್ತು. ಅದನ್ನು ಮುರಿಯುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ಒಬ್ಬ ಬೇಕರಿಯವನು ಬರ್ತಿದ್ದ ಕಣೇ, ಪಾಪ. ಬಂದ್ರೆ ಕೌಂಟರೆಲ್ಲ ಬೆಣ್ಣೆ ವಾಸನೆ. ಎರಡೇ ಸಲ ಬಂದಿದ್ದು. ಎರಡು ಸಲಾನೂ ಕೈ ಒರೆಸ್ಕೊಂಡೇ ಪೆನ್ನು ತಗೊಂಡ. ಅಂಥವರು ಈಗೆಲ್ಲಿ.”

ಅಕ್ಕ ತಲೆ ತಗ್ಗಿಸಿ ಕೀಲಿ ಎತ್ತಿಕೊಂಡಳು. ಅವನು ಡಬ್ಬಿ ಕೊಟ್ಟದ್ದು ಒಂದೇ ಸಲ ಎಂದು ಅವಳಿಗೆ ಗೊತ್ತಿತ್ತು. ಕಾರ್ಡು ಮಾಡಿಸಲು ಬಂದದ್ದನ್ನೂ ಸೇರಿಸಿ ಹೇಳುತ್ತಿರಬೇಕು ಎಂದುಕೊಂಡು ಮೆಟ್ಟಿಲಿಳಿದಳು.

ಕೆಳಗಿನ ಕೋಣೆಯಲ್ಲಿ ಹದಿನಾಲ್ಕು ಮೂಟೆ. ಒಂಬತ್ತನೆಯದರಲ್ಲಿ ಬೇಕಾದ ವರ್ಷದ ನೀಲಿ ರಟ್ಟಿನ ಉದ್ದನೆ ರಿಜಿಸ್ಟರುಗಳು ಸಿಕ್ಕವು, ಎರಡೂ. ತಮ್ಮನ ಕಾರ್ಡಿನ ನಂಬರು ಅವಳಿಗೆ ಬಾಯಿಪಾಠ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಕೆಂಪು, ಕೆಂಪು, ಹಸಿರು, ಕೆಂಪು. ಬಂದದ್ದು ಎಂಟೂಮುಕ್ಕಾಲು, ನೋಡಿದ್ದು ಹನ್ನೆರಡು. ಬಂದದ್ದು ಒಂಬತ್ತು, ನೋಡಿದ್ದು ಹನ್ನೆರಡೂ ಹತ್ತು. ಪುಟದ ತುಂಬ ಇದೇ.

ತಮ್ಮನ ಸಾಲಿಗೆ ಬಂದಾಗ ಬೆರಳು ನಿಂತಿತು.

ಕೆಂಪು ಕ್ಲಿಪ್ಪು. ಬಂದದ್ದು ಒಂಬತ್ತೂ ಐದು. ನೋಡಿದ್ದು ಒಂಬತ್ತೂ ಹದಿನೈದು.

ಹತ್ತು ನಿಮಿಷ! ಅವನ ಡಬ್ಬಿ ಕಲ್ಲಿನ ಮೇಲೆ ಕೂತೇ ಇರಲಿಲ್ಲ.

ಸಂಖ್ಯೆಯ ಮನೆಯಲ್ಲಿ ಮೊದಲು ‘೬೧’ ಎಂದಿತ್ತು. ಅದರ ಮೇಲೆ ಒಂದೇ ಒಂದು ನೇರ ಗೆರೆ. ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ ‘೪’. ಕೆಳಗೆ ಮೇಷ್ಟ್ರ ಸಹಿ.

ಅವಳು ಮೂಟೆಯ ಮೇಲೇ ಕೂತಳು. ಅರವತ್ತೊಂದು. ಅವನಿಗೆ ಏನೂ ಆಗಿರಲಿಲ್ಲ. ಆ ನಗು, ಆ ಗುಳಿಗೆ, ಅಣ್ಣಂದಿರ ಮುಂದೆ ಅವನು ಬಗ್ಗಿಸಿದ ತಲೆ, ಎಲ್ಲ ಒಂದು ಗೆರೆಯ ಕೆಲಸ.

ಆ ಹಾಳೆಯನ್ನು ಹರಿದುಕೊಂಡು ಮೇಲೆ ಓಡಬೇಕೆಂದು ಕೈ ತುರಿಸಿತು. ಹರಿಯಲಿಲ್ಲ. ಟೇಬಲ್ಲಿನ ರಿಜಿಸ್ಟರಿನ ಹಾಳೆ ಯಾವ ಕಾರಣಕ್ಕೂ ಹರಿಯಬಾರದು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಹಳೆಯದು ಕಾಣುವಂತಿರಬೇಕು. ಹರಿದ ಹಾಳೆ ಯಾವುದಕ್ಕೂ ಸಾಕ್ಷಿಯಲ್ಲ. ಇದನ್ನು ಕಲಿಸಿದವರೂ ಮೇಷ್ಟ್ರೇ. ಸುಳ್ಳು ಬರೆಯುವಾಗಲೂ ಅವರು ತಮ್ಮ ನಿಯಮ ಮೀರಿರಲಿಲ್ಲ. ಅವಳೂ ಮೀರಲಿಲ್ಲ. ಎರಡು ರಿಜಿಸ್ಟರನ್ನೂ ಕೋಟಿನ ಒಳಗೆ ಅವುಚಿಕೊಂಡು ಮೆಟ್ಟಿಲು ಹತ್ತಿದಳು.

ಲ್ಯಾಬಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಎತ್ತರದ ಸ್ಟೂಲಿನ ಮೇಲೆ ಕೂತು, ಸಂಜೆ ತರಗತಿಯಲ್ಲಿ ಮಾಡುತ್ತಿದ್ದಂತೆಯೇ, ಸ್ಲೈಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಒರೆಸುತ್ತಿದ್ದರು. ಬೆನ್ನು ಬಾಗಿತ್ತು. ಕೋಟಿನ ಕಾಲರು ತೊಳೆದು ತೊಳೆದು ಸವೆದಿತ್ತು.

“ಬಾ ತಾಯಿ. ಊಟ ಆಯ್ತಾ?”

ಅಕ್ಕ ಬಾಗಿಲ ಚಿಲಕ ಹಾಕಿದಳು. ರಿಜಿಸ್ಟರನ್ನು ಅವರ ಮುಂದೆ ಬಿಚ್ಚಿ ಬೆರಳಿಟ್ಟಳು.

“ಇದು ಯಾರ ಕೈ ಬರಹ ಮೇಷ್ಟ್ರೇ?”

ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈಯಲ್ಲಿದ್ದ ಸ್ಲೈಡು ಮಾತ್ರ ಸದ್ದಿಲ್ಲದೆ ಮೇಜಿನ ಮೇಲೆ ಮಲಗಿತು.

“ನಂದೇ.”

“ಹಸಿರು ಕ್ಲಿಪ್ಪು ಮೊದಲು ಅಂತ ಆ ಗೋಡೆ ಮೇಲೆ ಬರೆದಿರೋದು?”

“ಅದೂ ನಂದೇ. ಹಳಬರನ್ನ ಕಾಯಿಸ್ಬೇಡಿ ಅಂತ ಡಾಕ್ಟರು ಒಂದಿನ ಹೇಳಿದ್ರು, ಬರೆದು ಅಂಟಿಸ್ದೆ. ಆಮೇಲೆ ಗೊತ್ತಾಯ್ತು ಏನಾಗ್ತಿದೆ ಅಂತ.”

“ಗೊತ್ತಾದ್ಮೇಲೆ?”

“ಅವರಿಗೆ ಹೇಳ್ದೆ. ‘ಜನಕ್ಕೆ ಧೈರ್ಯ ಬರ್ತಿದೆ, ಬರ್ಲಿ ಬಿಡಿ’ ಅಂದ್ರು. ಬಿಟ್ಟೆ.”

“ಬಿಟ್ರಾ!” ಅಕ್ಕನ ದನಿ ಏರಿತು. “ಬೆಚ್ಚಗೆ ಇಡು, ಒಂದು ಗಂಟೆಯೊಳಗೆ ನೋಡು, ಎರಡು ಸಲ ಎಣಿಸು ಅಂತ ನಮ್ಮ ತಲೆ ಮೇಲೆ ಕುಟ್ಟಿ ಕುಟ್ಟಿ ಕಲಿಸಿದವರು ನೀವು! ಒಂದು ಸಲ ನಾನು ಒಂದೇ ಸಲ ಎಣಿಸಿದ್ದಕ್ಕೆ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿದ್ರಿ, ನೆನಪಿದೆಯಾ?”

“ಇದೆ ತಾಯಿ. ಅತ್ತುಬಿಟ್ಟಿದ್ದೆ ನೀನು.”

“ಇವತ್ತು ಅಳೋದು ನಾನಲ್ಲ.”

ಮೇಷ್ಟ್ರು ಸ್ಲೈಡನ್ನು ಮತ್ತೆ ಎತ್ತಿ ಸಾಲಿನ ತುದಿಗಿಟ್ಟರು.

“ಈ ಅರವತ್ತೊಂದು ನಾಲ್ಕು ಹೇಗಾಯ್ತು? ಇದು ಕಲ್ಲಿನ ಕೆಲಸ ಅಲ್ಲ. ಹತ್ತು ನಿಮಿಷದಲ್ಲಿ ನೋಡಿದೀರಿ. ಬೆಚ್ಚಗಿದ್ದಾಗಲೇ ನೋಡಿದೀರಿ. ಕಣ್ಣಾರೆ ಅರವತ್ತೊಂದು ಎಣಿಸಿ, ಕೈಯಾರೆ ನಾಲ್ಕು ಬರೆದಿದೀರಿ. ಯಾಕೆ?”

“ಈ ಒಂದು ಸಾಲಿನ ಮೇಲೆ ನಿಂಗ್ಯಾಕಮ್ಮ ಇಷ್ಟು?”

“ಅವನು ನನ್ನ ತಮ್ಮ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

“ಹಾಗಾದ್ರೆ ಹೇಳ್ಬೇಕು” ಎಂದರು ಕೊನೆಗೆ. “ಕೂತ್ಕೋ.”

“ನಿಂತೇ ಕೇಳ್ತೀನಿ.”

“ಆವತ್ತು ಡಬ್ಬಿ ಬಂದಿದ್ದು ಒಂದು ಉಲ್ಲನ್ ಚೀಲದಲ್ಲಿ. ಚಳಿಗೆ ಕೆಡಬಾರ್ದು ಅಂತ ಯಾರೋ ಬುದ್ಧಿವಂತ್ರು ಸುತ್ತಿದ್ರು. ಅದ್ಕೇ ಮೊದಲು ನೋಡ್ದೆ. ಚೆನ್ನಾಗಿತ್ತು, ಬರೆದೆ. ಚೀಲ ವಾಪಸು ಮಡಚೋವಾಗ ಒಳಗೆ ಒಂದು ಚೀಟಿ ಸಿಕ್ತು. ಪೆನ್ಸಿಲ್ಲಲ್ಲಿ ಒಂದೇ ಸಾಲು. ‘ಇವನಿಂದ ಆಗಲ್ಲ ಅಂತ ಬರೆಯಿರಿ, ಒಂದು ಸಂಸಾರ ಉಳಿಯುತ್ತೆ.’ ಹೆಸರಿಲ್ಲ, ಸಹಿ ಇಲ್ಲ.”

“ಸುಳ್ಳು” ಎಂದಳು ಅಕ್ಕ.

“ಸುಳ್ಳು ಅನ್ನು, ಬೇಡ ಅನ್ನಲ್ಲ. ಡಾಕ್ಟರಿಗೋಸ್ಕರ ದಿನಾ ಹತ್ತು ಸುಳ್ಳು ಬರೀತಿದ್ದೆ. ಒಂದು ಮನೆಗೋಸ್ಕರ ಒಂದು ಬರೆದ್ರೆ ಏನು ಅನ್ನಿಸ್ತು. ತೊಂದರೆ ಹೆಂಡತಿ ಕಡೆ ಇದ್ದಿರ್ಬಹುದು. ಅವಳ ಮೇಲೆ ಮಾತು ಬರ್ಬಾರ್ದು ಅಂತ ಗಂಡನೇ ಬರೆದಿರ್ಬಹುದು. ಅವಳೇ ಬರೆದಿರ್ಬಹುದು. ನಿಮ್ಮ ಮನೆಯವರೇ ಯಾರೋ. ನಂಗೇನು ಗೊತ್ತು?”

ಅವರು ಮೇಜಿನ ಕೆಳಗಿನ ಡ್ರಾಯರು ಎಳೆದು, ಹಳೆ ಕ್ಲಿಪ್ಪುಗಳ ಡಬ್ಬದ ಹಿಂದಿನಿಂದ ಏನೋ ತೆಗೆದು ಅವಳ ಮುಂದಿಟ್ಟರು.

“ಯಾರೂ ಕೇಳ್ಕೊಂಡು ಬರ್ಲಿಲ್ಲ. ಎರಡು ವರ್ಷದಿಂದ ಈ ಡ್ರಾಯರು ಬಿಟ್ಟು ಅಲ್ಲಾಡಿಲ್ಲ.”

ಅಂಗೈಯಗಲದ ಮೊಬೈಲು ಚೀಲ. ಅರ್ಧ ನೀಲಿ, ಅರ್ಧ ಬೂದು. ನೀಲಿ ಉಲ್ಲನ್ನು ಮುಗಿದದ್ದರಿಂದ ಬೂದು ಸೇರಿಸಿ ಅವಳೇ ಹೆಣೆದದ್ದು. ಒಂದೇ ಅಳತೆಯ ಮೂರು ಚೀಲ: ಅಮ್ಮನಿಗೊಂದು, ತಮ್ಮನಿಗೊಂದು, ತಮ್ಮನ ಹೆಂಡತಿಗೊಂದು. ಬಾಯಿಗೆ ಮರದ ಗುಂಡಿ. ಈ ಚೀಲದ ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿದಿತ್ತು. ಹೆಣಿಗೆ ತನ್ನದೇ, ಅನುಮಾನವೇ ಇಲ್ಲ. ಎಡ ಅಂಚಿನಲ್ಲಿ ತಪ್ಪಿಹೋದ ಒಂದು ಕುಣಿಕೆ ಕೂಡ ಹಾಗೇ ಇತ್ತು.

ಆರು ವಾರ ಡಾಕ್ಟರ ಬೋರ್ಡು ಇಳಿಸುವ ಕನಸು ಕಂಡವಳಿಗೆ ಈಗ ತವರಿನ ಅಡುಗೆಮನೆ ಕಾಣುತ್ತಿತ್ತು. ಅಮ್ಮ, ತಮ್ಮ, ಅವನ ಹೆಂಡತಿ ಮೂವರೂ ಕೂತು ಟೀ ಕುಡಿಯುತ್ತಿದ್ದ ಮೇಜು. ಆ ಮೂವರಲ್ಲಿ ಒಬ್ಬರು ಪೆನ್ಸಿಲು ಹಿಡಿದಿದ್ದರೆ?

“ಮನೆಗೆ ಫೋನು ಮಾಡಿ ಕೇಳು” ಎಂದರು ಮೇಷ್ಟ್ರು ಮೆಲ್ಲಗೆ. “ಕೇಳ್ದೆ ಇರೋಕೂ ನಿಂಗಾಗಲ್ಲ. ಡಾಕ್ಟರ ಕತ್ತು ಆಮೇಲೆ ಹಿಡೀವಂತೆ.”

ಲ್ಯಾಬಿನೊಳಗೆ ಫೋನು ಎತ್ತುವಂತಿಲ್ಲ. ಎಲ್ಲರೂ ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ಹೋಗಿ ಮಾತಾಡುವುದು. ಅಕ್ಕ ಚಿಲಕ ತೆಗೆದಳು. ಚೀಲ ಕೈಯಲ್ಲಿತ್ತು. ರಿಜಿಸ್ಟರುಗಳು ಮೇಜಿನ ಮೇಲಿದ್ದವು. ಅದು ಅವಳಿಗೆ ಹೊಳೆಯಲೇ ಇಲ್ಲ.

ಕಿಟಕಿಯ ಕೆಳಗೆ ಅಂಗಳದಲ್ಲಿ ಹಳೆ ಕಾಗದದ ಲಾರಿ ನಾಲ್ಕಕ್ಕೂ ಮುಂಚೆಯೇ ಬಂದು ನಿಂತಿತ್ತು. ಇಬ್ಬರು ಮೂಟೆ ಎಸೆಯುತ್ತಿದ್ದರು. ಅಕ್ಕ ಅಮ್ಮನ ನಂಬರು ಒತ್ತಿದಳು. ಐದನೇ ರಿಂಗಿಗೆ ಅಮ್ಮ ಎತ್ತಿದಳು.

“ಏನೇ ಇದು, ಕೆಲಸದ ಹೊತ್ತಲ್ಲಿ? ಮೈ ಹುಷಾರಿದೆಯಾ?”

“ಅಮ್ಮಾ, ನಾನು ಹೆಣೆದು ಕೊಟ್ಟ ಮೊಬೈಲು ಚೀಲ ಇತ್ತಲ್ಲ, ನಿಂದು ಎಲ್ಲಿದೆ?”

“ಇದನ್ನ ಕೇಳೋಕೆ ಫೋನ್ ಮಾಡಿದ್ಯಾ? ಇಲ್ಲೇ ನನ್ನ ಮಡಿಲಲ್ಲಿದೆ. ಈಗ ತಾನೆ ಅದ್ರಿಂದ ಫೋನು ತೆಗೆದೆ.”

“ಅವಳದು?”

“ಯಾರದು, ಸೊಸೇದಾ? ಬೀರುವಲ್ಲಿದೆ. ಅಣ್ಣಂದಿರು ಅವಸರ ಮಾಡಿದ್ರಲ್ಲ, ಅರ್ಧ ಸಾಮಾನು ಬಿಟ್ಟೇ ಹೋದ್ಲು. ಮೊನ್ನೆ ಬಿಸಿಲಿಗೆ ಹಾಕಿ ಎತ್ತಿಟ್ಟೆ. ಯಾಕೆ?”

ಅಕ್ಕ ಕಣ್ಣು ಮುಚ್ಚಿದಳು. ಹಾಗಾದರೆ ಅವನೇ. ತನ್ನ ಕತ್ತನ್ನು ತಾನೇ ಕೊಟ್ಟುಕೊಂಡ, ಹೆಂಡತಿಯ ಮೇಲೆ ಮಾತು ಬರಬಾರದೆಂದು. ಅದಕ್ಕೇ ಎದುರಾಡದೆ ನಕ್ಕವರ ಮುಂದೆ ತಲೆ ಬಗ್ಗಿಸಿದ. ಯಾರ ಮೇಲೆ ಹಲ್ಲು ಕಡಿಯುವುದು ಇನ್ನು?

“ಅವನದು ಎರಡು ವರ್ಷದ ಹಿಂದೇನೇ ಕಳೆದುಹೋಗಿರ್ಬೇಕು ಅಲ್ವಾ ಅಮ್ಮಾ?”

“ಕಳೆಯೋದು? ಜೀವದ ಥರ ಇಟ್ಕೊಂಡಿದ್ದ. ಹೋದ ದಿನಾನೂ ಅದನ್ನ ಹಿಡ್ಕೊಂಡೇ ಹೋಗಿದ್ದು.”

ಅಕ್ಕ ಕಣ್ಣು ತೆರೆದಳು.

“ಏನಂದೆ?”

“ಆವತ್ತು ಬೆಳಿಗ್ಗೆ ಗುಂಡಿ ಕಿತ್ತು ಬಂದಿತ್ತು. ಈಗ್ಲೇ ಹೊಲ್ಕೊಡು ಅಂತ ಜೀವ ತಿಂದ. ಫೋನ್ ಇಡೋಕೆ ಗುಂಡಿ ಯಾಕೋ ಅಂದ್ರೆ, ‘ಫೋನ್ ಅಲ್ಲಮ್ಮಾ, ಬೇರೆ ಏನೋ ಬೆಚ್ಚಗಿಡ್ಬೇಕು’ ಅಂದ. ನೀಲಿ ದಾರ ಇರ್ಲಿಲ್ಲ, ಕೆಂಪಲ್ಲೇ ಹೊಲ್ದೆ. ‘ಅಮ್ಮಾ, ಕಣ್ಣಿಗೆ ಹೊಡಿಯುತ್ತೆ’ ಅಂದ. ‘ಹೊಡೀಲಿ ಬಿಡೋ, ಯಾರು ನೋಡ್ತಾರೆ’ ಅಂದೆ.” ಅಮ್ಮನ ದನಿ ಒಡೆಯಿತು. “ಅವನ ಹತ್ರ ಆಡಿದ ಕೊನೇ ಮಾತೇ ಅದು ಕಣೇ.”

ಅಕ್ಕ ಕೈಯಲ್ಲಿದ್ದ ಚೀಲವನ್ನು ತಿರುಗಿಸಿದಳು. ಮರದ ಗುಂಡಿ. ಕೆಂಪು ದಾರ. ಅಮ್ಮ ಯಾವಾಗಲೂ ಹಾಕುವ ಎರಡು ಗಂಟು, ಒಂದರ ಮೇಲೊಂದು.

ಹನ್ನೊಂದು ತಿಂಗಳ ಹಿಂದೆ ಹೊಲಿದ ಗುಂಡಿ, ಎರಡು ವರ್ಷದಿಂದ ಡ್ರಾಯರಿನಲ್ಲಿರುವ ಚೀಲಕ್ಕೆ ಹೇಗೆ ಬಂತು?

ಎರಡೇ ಸಲ ಬಂದಿದ್ದು ಎಂದಿದ್ದರು ಕೌಂಟರಮ್ಮ. ಎರಡು ಸಲಾನೂ ಕೈ ಒರೆಸ್ಕೊಂಡೇ ಪೆನ್ನು ತಗೊಂಡ.

ತಮ್ಮ ಆ ದಿನ ಇಲ್ಲಿಗೇ ಬಂದಿದ್ದ. ನಾಚಿಕೆ ಬಿಟ್ಟು, ಎರಡನೇ ಡಬ್ಬಿಯನ್ನು ಈ ಚೀಲದಲ್ಲಿಟ್ಟು ಎದೆಗವುಚಿಕೊಂಡು ಬಂದಿದ್ದ. ಹಸಿರು ಕ್ಲಿಪ್ಪಿನವನಾಗಿ.

ಚೀಟಿ, ಪೆನ್ಸಿಲು, ಒಂದು ಸಂಸಾರ ಉಳಿಯುತ್ತೆ. ಎಷ್ಟು ಸಲೀಸಾಗಿ ಮೇಷ್ಟ್ರು ಅವಳ ಸಿಟ್ಟನ್ನು ಹಿಡಿದು ಅವಳ ಮನೆಯ ಕಡೆಗೇ ತಿರುಗಿಸಿಬಿಟ್ಟಿದ್ದರು! ಮನೆಗೆ ಫೋನು ಮಾಡು ಎಂದವರೂ ಅವರೇ. ಲ್ಯಾಬಿನೊಳಗೆ ಫೋನು ಎತ್ತುವಂತಿಲ್ಲ ಎಂದು ಅವರಿಗೆ ಗೊತ್ತಿಲ್ಲವೇ?

ಅವಳು ಓಡಿದಳು. ಬಾಗಿಲು ಹಾರುಹೊಡೆದಿತ್ತು. ಸ್ಟೂಲು ಖಾಲಿ. ಮೇಜಿನ ಮೇಲೆ ಒರೆಸಿದ ಸ್ಲೈಡುಗಳು ಸಾಲಾಗಿ ಒಣಗುತ್ತಿದ್ದವು. ರಿಜಿಸ್ಟರುಗಳಿರಲಿಲ್ಲ.

ಅಂಗಳಕ್ಕೆ ಇಳಿಯುವ ಹಿಂದಿನ ಮೆಟ್ಟಿಲಿನ ಕಡೆಯಿಂದ ಹೆಜ್ಜೆ ಸದ್ದೂ ಇರಲಿಲ್ಲ. ಅವಳು ಮತ್ತೆ 
ಕಿಟಕಿಗೆ ಬಂದಳು. ಅಂಗಳದಲ್ಲಿ ಕೊನೆಯ ಮೂಟೆ ಮೇಲೇರಿತು. ಚಾಲಕನ ಪಕ್ಕದ ಸೀಟಿಗೆ ಸವೆದ ಕಾಲರಿನ ಬಿಳಿ ಕೋಟಿನ ಮುದುಕರೊಬ್ಬರು, ಕಂಕುಳಲ್ಲಿ ಎರಡು ನೀಲಿ ರಟ್ಟು ಅವುಚಿಕೊಂಡು, ಕಷ್ಟಪಟ್ಟು ಹತ್ತುತ್ತಿದ್ದರು. ಹತ್ತಿ ಕೂತು ಒಮ್ಮೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ತರಗತಿ ಮುಗಿದಾಗ ನೋಡುತ್ತಿದ್ದಂತೆಯೇ, ಶಾಂತವಾಗಿ.

ಲಾರಿ ಗೇಟು ದಾಟಿತು.

ಫೋನಿನಲ್ಲಿ ಅಮ್ಮ ಇನ್ನೂ ಇದ್ದಳು. “ಹಲೋ? ಇದೀಯೇನೇ? ಆ ಚೀಲ ಸಿಕ್ತಾ? ಗುಂಡಿ ಗಟ್ಟಿಯಾಗಿದೆಯಾ?”

“ಗಟ್ಟಿಯಾಗಿದೆ ಅಮ್ಮಾ” ಎಂದಳು ಅಕ್ಕ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಬೋರ್ಡು, ಏಣಿ, ಎದುರಿನ ಫುಟ್‌ಪಾತು ಎಲ್ಲ ಮಕ್ಕಳಾಟದಂತೆ ಕಂಡಿತು. “ನೀನು ಹೊಲಿದದ್ದು ಬಿಚ್ಚಿಲ್ಲ. ನಾನೂ ಬಿಡಲ್ಲ.”

ಪೆನ್ಸಿಲಿನ ಚೀಟಿ ನಿಜವಾಗಿ ಇತ್ತೋ ಇಲ್ಲವೋ ಗೊತ್ತಿಲ್ಲ. ಅರವತ್ತೊಂದರ ಮೇಲೆ ಗೆರೆ ಯಾರಿಗಾಗಿ ಬಿತ್ತು ಎಂಬುದೂ ಗೊತ್ತಿಲ್ಲ. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ತಮ್ಮ ಆ ಬಾಗಿಲಿನಿಂದ ಒಳಗೆ ಹೋದ. ಅಷ್ಟು ಗೊತ್ತು. ಹೊರಗೆ ಬಂದನೋ ಇಲ್ಲವೋ, ಅದು ಗೊತ್ತಿಲ್ಲ.